ಒಂಥರಾ ಆಗ್ತಿದೆ, ಸಿಸ್ಟರ್

ಕನ್ನಡದಲ್ಲಿ ನನ್ನನ್ನು ಹೆದರಿಸುವ ಮಾತು ಒಂದೇ: ಒಂಥರಾ.

ನೋವು, ರಕ್ತ, ಕೀವು, ವಾಂತಿ ಎಲ್ಲ ಹದಿನೇಳು ವರ್ಷದಲ್ಲಿ ಅಭ್ಯಾಸವಾಗಿಬಿಟ್ಟಿವೆ. “ಸತ್ತೆ, ಸತ್ತೆ” ಅಂತ ವಾರ್ಡಿಗೆ ವಾರ್ಡೇ ಎದ್ದು ಕೂರುವ ಹಾಗೆ ಕೂಗುವವರನ್ನು ಕಂಡರೂ ಅಷ್ಟು ಭಯವಾಗುವುದಿಲ್ಲ. ಅಷ್ಟು ಜೋರಾಗಿ ಕೂಗಬೇಕಾದರೆ ಉಸಿರು ಗಟ್ಟಿಯಾಗಿದೆ ಅಂತ ಅರ್ಥ. ಅಂಥವರು ಮೂರನೇ ದಿನ ಇಡ್ಲಿ ತಣ್ಣಗಿದೆ ಅಂತ ಜಗಳ ತೆಗೆಯುತ್ತಾರೆ. ಆದರೆ ಗೋಡೆ ಕಡೆ ಮುಖ ಮಾಡಿ ಸುಮ್ಮನೆ ಮಲಗಿದ್ದ ಮನುಷ್ಯ, ನಾನು ಹಾದುಹೋಗುವಾಗ ಎರಡು ಬೆರಳೆತ್ತಿ ಕರೆದು “ಒಂಥರಾ ಆಗ್ತಿದೆ ಸಿಸ್ಟರ್” ಅಂದರೆ ಕೈಯಲ್ಲಿರುವ ಟ್ರೇ ಕೆಳಗಿಡುತ್ತೇನೆ. ಇದನ್ನು ಕಲಿಯೋಕೆ ನನಗೆ ಎಂಟು ವರ್ಷ ಹಿಡಿಯಿತು. ಕಲಿಸಿದವರು ಅದಕ್ಕೆ ಕೊಟ್ಟ ಶುಲ್ಕ ದೊಡ್ಡದು. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮದು ಜಿಲ್ಲಾ ಕೇಂದ್ರವೊಂದರ ಬೋಧಕ ಆಸ್ಪತ್ರೆ. ನನ್ನದು ಸರ್ಜಿಕಲ್ ವಾರ್ಡು. ಅಪೆಂಡಿಕ್ಸು, ಹರ್ನಿಯಾ, ಪಿತ್ತಕೋಶದ ಕಲ್ಲು, ಮೂಲವ್ಯಾಧಿ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಜಗಳದಲ್ಲಿ ಹೊಟ್ಟೆಗೆ ತಿವಿಸಿಕೊಂಡವರು, ಬೈಕಿನಿಂದ ಬಿದ್ದವರು. ಎಲ್ಲಿ ಹಾಕಬೇಕೋ ತಿಳಿಯದ ಕೇಸುಗಳೂ ಕೊನೆಗೆ ನಮ್ಮಲ್ಲಿಗೇ ಬರುತ್ತವೆ. ನಲವತ್ತು ಬೆಡ್ಡು, ಮಳೆಗಾಲ ಮುಗಿಯುವ ಹೊತ್ತಿಗೆ ನೆಲದ ಮೇಲೆ ಐದಾರು ಹಾಸಿಗೆ. ಬೆಳಗಿನ ಡ್ಯೂಟಿ ಎಂಟರಿಂದ ಎರಡು, ಮಧ್ಯಾಹ್ನದ್ದು ಎರಡರಿಂದ ಎಂಟು, ರಾತ್ರಿಯದು ಎಂಟರಿಂದ ಎಂಟು.

ನೋವನ್ನು ಅಳೆಯೋಕೆ ನಮಗೊಂದು ಮಾಪನ ಕೊಟ್ಟಿದ್ದಾರೆ. ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯೋಕಾಗದ ನೋವು. ರೋಗಿಯನ್ನು ಕೇಳಿ ಚಾರ್ಟಿನಲ್ಲಿ ಬರೆಯಬೇಕು. ಮೊದಮೊದಲು ಶ್ರದ್ಧೆಯಿಂದ ಕೇಳುತ್ತಿದ್ದೆ: “ಅಜ್ಜ, ಹತ್ತರಲ್ಲಿ ಎಷ್ಟು ನೋವು?” ಒಬ್ಬರು ಯೋಚನೆ ಮಾಡಿ ಹೇಳಿದರು, “ರೂಪಾಯಿಗೆ ಹನ್ನೆರಡಾಣೆ ಕಮ್ಮಿ ಆಗೈತೆ ಕಣವ್ವ.” ಹದಿನಾರಾಣೆಯಲ್ಲಿ ನಾಲ್ಕಾಣೆ ಉಳಿದಿದೆ, ಹತ್ತಕ್ಕೆ ಎರಡೂವರೆ. ಮೂರು ಅಂತ ಬರೆದೆ. ಆಣೆ ಚಲಾವಣೆ ನಿಂತು ಆರು ದಶಕ ಕಳೆದಿದ್ದರೂ ನಮ್ಮ ವಾರ್ಡಿನಲ್ಲಿ ನೋವಿನ ಲೆಕ್ಕ ಇನ್ನೂ ಆಣೆಯಲ್ಲೇ ನಡೆಯುತ್ತದೆ.

ಆ ಅಂಕಿಗಿಂತ ನನಗೆ ಕೆಲಸಕ್ಕೆ ಬರುವುದು ಅವರು ಆರಿಸಿಕೊಳ್ಳುವ ಪದ. ಉರಿ, ಚುಚ್ಚು, ಸೆಳೆತ, ಸಿಡಿತ, ಚಳುಕು, ಜೋಮು, ಹಿಂಡಿದ ಹಾಗೆ, ಕಿವುಚಿದ ಹಾಗೆ. ಗಾಯ ಪಟಪಟ ಸಿಡಿಯುತ್ತಿದೆ ಅಂದರೆ ಒಳಗೆ ಕೀವು ಕಟ್ಟಿರಬಹುದು, ಪಟ್ಟಿ ಬಿಚ್ಚಿ ನೋಡಬೇಕು. ಕಾಲಲ್ಲಿ ಉರಿಯಿಲ್ಲ, ನೋವಿಲ್ಲ, ಜೋಮೂ ಇಲ್ಲ, ಆರಾಮಾಗಿದೆ ಅಂತ ಸಕ್ಕರೆ ಕಾಯಿಲೆಯವರು ಹೇಳಿದರೆ ಅದು ಖುಷಿಪಡುವ ಸುದ್ದಿಯಲ್ಲ. ನರ ಸತ್ತ ಪಾದಕ್ಕೆ ಮೊಳೆ ಹೊಕ್ಕರೂ ಗೊತ್ತಾಗುವುದಿಲ್ಲ. ಒಬ್ಬರ ಚಪ್ಪಲಿಯೊಳಗೆ ಅಂಗಾಲಿಗೆ ಅಂಟಿಕೊಂಡಿದ್ದ ಸೋಡಾ ಬಾಟಲಿ ಮುಚ್ಚಳ ತೆಗೆದಿದ್ದೇನೆ. ಎರಡು ದಿನದಿಂದ ಅದರ ಮೇಲೆಯೇ ನಡೆದಿದ್ದರು.

ಇಷ್ಟು ಬಗೆಬಗೆಯ ಪದಗಳನ್ನು ಕೇಳಿ ಕೇಸ್ ಶೀಟಿನಲ್ಲಿ ನಾನು ಬರೆಯುವುದು ಇಂಗ್ಲಿಷಿನಲ್ಲಿ. ಕಿವುಚಿದ್ದೂ ಪೇನ್, ಸಿಡಿದದ್ದೂ ಪೇನ್. ಒಂಥರಾ ಅನ್ನುವುದಕ್ಕಂತೂ ‘ಅನೀಸಿನೆಸ್’ ಅಂತ ಬರೆದು ಮುಂದೆ ಹೋಗುತ್ತೇವೆ. ಆ ಶೀಟನ್ನು ಬೆಳಿಗ್ಗೆ ಓದುವ ಡಾಕ್ಟರಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ಬರೆದ ನನಗೂ ಮಾರನೇ ದಿನ ಓದಿದರೆ ಏನೂ ನೆನಪಾಗುವುದಿಲ್ಲ.

ಹಾಗಂತ ವಾರ್ಡಿನಲ್ಲಿ ಬರೀ ಗಂಭೀರದ ಮಾತೇ ನಡೆಯುತ್ತದೆ ಅಂದುಕೊಳ್ಳಬೇಡಿ. ಹೊಟ್ಟೆ ಆಪರೇಷನ್ ಆದವರನ್ನು ಬೆಳಿಗ್ಗೆ ನಾವು ಕೇಳುವ ಮೊದಲ ಪ್ರಶ್ನೆ “ಗ್ಯಾಸ್ ಹೋಯ್ತಾ?” ಕರುಳಿನ ಮೇಲೆ ಕೈಯಾಡಿಸಿದರೆ ಅದು ಮುನಿಸಿಕೊಂಡು ಒಂದೆರಡು ದಿನ ಸುಮ್ಮನಾಗುತ್ತದೆ. ಮತ್ತೆ ಕೆಲಸ ಶುರು ಮಾಡಿದ್ದರ ಗುರುತು ಅದು. ಹೊಸದಾಗಿ ಸೇರಿದಾಗ ನನಗೆ ನಾಲಿಗೆ ಹೊರಳುತ್ತಿರಲಿಲ್ಲ. ಅತ್ತೆಯ ವಯಸ್ಸಿನ ಹೆಂಗಸನ್ನು, ಸುತ್ತ ಸೊಸೆ, ಬೀಗರು ನಿಂತಿರುವಾಗ, ಹೇಗೆ ಕೇಳುವುದು? “ಗ್ಯಾಸಾ? ಸಿಲಿಂಡರ್ ಬುಕ್ ಮಾಡಿದ್ವಿ ಸಿಸ್ಟರ್, ಇನ್ನೂ ಬಂದಿಲ್ಲ” ಅಂತ ಒಬ್ಬಾಕೆ ನಿಜವಾಗಿಯೂ ಉತ್ತರ ಕೊಟ್ಟಿದ್ದರು. ಆಮೇಲೆ “ಕೆಳಗಡೆಯಿಂದ ಗಾಳಿ ಸರೀತಾ” ಅಂತ ಬಿಡಿಸಿ ಕೇಳಿದ್ದಕ್ಕೆ ಸೆರಗು ಬಾಯಿಗಿಟ್ಟುಕೊಂಡು ನಗು. ನಕ್ಕರೆ ಹೊಲಿಗೆ ನೋಯುತ್ತದೆ, ನೋವಿಗೆ ಮತ್ತೆ ನಗು. ಅವತ್ತು ಸಂಜೆ ಸೊಸೆ ಓಡಿಬಂದು, ಮಗನಿಗೆ ಸರ್ಕಾರಿ ಕೆಲಸ ಸಿಕ್ಕ ಮುಖದಲ್ಲಿ, “ಹೋಯ್ತು ಸಿಸ್ಟರ್, ಎರಡು ಸಲ!” ಅಂದಳು. ಗಂಜಿ ಕೊಡಿ ಅಂದೆ.

ಕೆಲವು ಮಾತುಗಳನ್ನು ನಾವೇ ಹುಷಾರಾಗಿ ಆಡಬೇಕು. ಆಪರೇಷನ್ ಥಿಯೇಟರಿಗೆ ಕಳಿಸುವ ಮೊದಲು ಮೈಮೇಲೆ ಲೋಹ ಇರಬಾರದು. ರಕ್ತ ನಿಲ್ಲಿಸೋಕೆ ಕರೆಂಟಿನ ಕಾಟರಿ ಬಳಸುತ್ತಾರೆ, ಲೋಹವಿದ್ದ ಜಾಗದಲ್ಲಿ ಮೈ ಸುಡಬಹುದು. ಕಿವಿಯೋಲೆ, ಮೂಗುತಿ, ಕಾಲುಂಗುರ ಹೇಗೋ ಬಿಚ್ಚುತ್ತಾರೆ. ಮೂವತ್ತು ವರ್ಷದಿಂದ ಬಿಚ್ಚದ ಮೂಗುತಿಗೆ ಸೋಪಿನ ನೀರು ಬಿಟ್ಟು ತಿರುಗಿಸಿ ತಿರುಗಿಸಿ ನನ್ನ ಉಗುರು ಕಿತ್ತುಹೋದದ್ದೂ ಉಂಟು. ಕಷ್ಟ ಇರುವುದು ತಾಳಿಯದು. “ತಾಳಿ ತೆಗೀರಿ” ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅರಿಶಿನದ ಕೊಂಬು, ದಾರ ಮನೆಯಿಂದ ತರಿಸಿಟ್ಟಿರಿ ಅಂತ ಹಿಂದಿನ ದಿನವೇ ಸೂಕ್ಷ್ಮವಾಗಿ ಹೇಳಿರುತ್ತೇನೆ. ಬೆಳಿಗ್ಗೆ ಆ ಕೊಂಬನ್ನು ಮೊದಲು ಕಟ್ಟಿಸಿ, ತಾಳಿಸರ ತೋರಿಸಿ, “ಇದನ್ನ ಬರೋವರೆಗೂ ನಿಮ್ಮ ಯಜಮಾನ್ರ ಕೈಲಿ ಕೊಟ್ಟಿರಿ” ಅನ್ನುತ್ತೇನೆ. ಒಬ್ಬ ರೈತ ಹೆಂಡತಿಯ ಸರವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಥಿಯೇಟರಿನ ಬಾಗಿಲ ಹತ್ತಿರ ನಿಂತವರು, ಎರಡೂವರೆ ಗಂಟೆ, ಆಕೆ ಹೊರಗೆ ಬರುವವರೆಗೂ, ಆ ಮುಷ್ಟಿ ಬಿಚ್ಚಲಿಲ್ಲ. ಯಾರೋ ಟೀ ಕೊಟ್ಟರೆ ಎಡಗೈಯಲ್ಲಿ ತಗೊಂಡರು.

ನಮ್ಮ ಹುದ್ದೆಯ ಹೆಸರು ಈಗ ಸ್ಟಾಫ್ ನರ್ಸ್ ಅಲ್ಲ, ಶುಶ್ರೂಷಾಧಿಕಾರಿ. ಹೆಸರು ಬದಲಾದಾಗ ನಾವೆಲ್ಲ ನಕ್ಕಿದ್ದೆವು. ರೋಗಿಗಳ ಬಾಯಲ್ಲಿ ಅದು ತಿರುಗುವುದಿಲ್ಲ. ಅವರಿಗೆ ನಾವು ಸಿಸ್ಟರ್, ಸಿಸ್ಟ್ರಮ್ಮ, ಅಕ್ಕ, ಮೇಡಂ, ಸಿಟ್ಟು ಬಂದರೆ “ಏಯ್ ನರ್ಸಮ್ಮ”. ಒಮ್ಮೆ ಹರ್ನಿಯಾ ಆಪರೇಷನ್ನಿಗೆ ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರು ಬಂದಿದ್ದರು. ರಕ್ತನಾಳಕ್ಕೆ ಸಣ್ಣ ಕೊಳವೆ, ಅಂದರೆ ಕ್ಯಾನುಲಾ, ಹಾಕೋಕೆ ಕೈ ಹಿಡಿದರೆ ನನ್ನ ಬ್ಯಾಡ್ಜನ್ನು ಓದಿ, “ಈ ಪದದ ಅರ್ಥ ಗೊತ್ತೇನಮ್ಮ?” ಅಂದರು.

“ರೋಗಿಗಳ ಸೇವೆ ಅಲ್ವಾ ಸಾರ್?”

“ಅದು ಆಮೇಲೆ ಬಂದದ್ದು. ಶ್ರು ಅಂದ್ರೆ ಕೇಳು. ಶ್ರವಣ, ಶ್ರುತಿ, ಶ್ರೋತೃ ಎಲ್ಲ ಅದೇ ಧಾತು. ಶುಶ್ರೂಷಾ ಅಂದ್ರೆ ಕೇಳಬೇಕು ಅನ್ನೋ ಇಚ್ಛೆ. ಶಿಷ್ಯ ಗುರುವಿನ ಮಾತು ಕೇಳೋಕೆ ಕಾದು ಕೂತಿರ್ತಿದ್ನಲ್ಲ, ಅದು. ಕೂತವನು ಸೇವೇನೂ ಮಾಡ್ತಿದ್ದ, ಹಂಗಾಗಿ ಸೇವೆ ಅನ್ನೋ ಅರ್ಥ ಬಂತು.”

“ಹಾಗಾದ್ರೆ ಕೇಳಿದೆ ಸಾರ್. ಈಗ ನೀವು ನನ್ನ ಮಾತು ಕೇಳಿ, ಕೈ ಅಲ್ಲಾಡಿಸಬೇಡಿ” ಅಂದು ಇಪ್ಪತ್ತನೇ ನಂಬರಿನ ಗುಲಾಬಿ ಕ್ಯಾನುಲಾ ಹಾಕಿದೆ. ಅವತ್ತು ಅದೊಂದು ತಮಾಷೆ. ಆದರೆ ಮನೆಗೆ ಬಂದು ಸ್ಕೂಟರ್ ಸ್ಟ್ಯಾಂಡ್ ಹಾಕುವಾಗ ಮತ್ತೆ ನೆನಪಾಯಿತು. ನಮ್ಮ ಕನ್ನಡದ ‘ಕೇಳು’ ಇನ್ನೂ ವಿಚಿತ್ರ. ಪ್ರಶ್ನೆ ಹಾಕುವುದೂ ಕೇಳುವುದೇ, ಉತ್ತರಕ್ಕೆ ಕಿವಿಗೊಡುವುದೂ ಕೇಳುವುದೇ. ನಾನು ದಿನಕ್ಕೆ ನೂರು ಸಲ ಕೇಳುತ್ತೇನೆ: ಊಟ ಆಯ್ತಾ, ಮೋಷನ್ ಆಯ್ತಾ, ನಿದ್ದೆ ಬಂತಾ. ಅದರಲ್ಲಿ ಎಷ್ಟನ್ನು ಕೇಳಿಸಿಕೊಳ್ಳುತ್ತೇನೆ ಅನ್ನುವುದು ಬೇರೆ ಲೆಕ್ಕ.

ಈಗ ಆ ರಾತ್ರಿಯ ವಿಷಯ.

ನಾನು ಕೆಲಸಕ್ಕೆ ಸೇರಿ ಎಂಟನೇ ವರ್ಷ. ಅಡಿಕೆ ಕೊಯ್ಲಿನ ಕಾಲ. ಮರ ಹತ್ತಿ ಕೊನೆ ಇಳಿಸುವ ಕೆಲಸದವರೊಬ್ಬರು, ನಲವತ್ತೈದರ ಆಸುಪಾಸು, ಜಠರ ತೂತಾಗಿ ಬಂದಿದ್ದರು. ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ಖಾಲಿ ಹೊಟ್ಟೆಯಲ್ಲಿ ನುಂಗಿ ನುಂಗಿ ಜಠರದ ಬುಡದಲ್ಲಿ ಹುಣ್ಣಾಗಿ, ಅದು ಒಡೆದಿತ್ತು. ನಮ್ಮ ಕಡೆ ಇದು ಅಪರೂಪವಲ್ಲ. ತೂತು ಮುಚ್ಚಿ ಎರಡು ದಿನವಾಗಿತ್ತು. ಮೂರನೇ ರಾತ್ರಿ ಹನ್ನೊಂದೂವರೆಗೆ ಆಂಟಿಬಯೋಟಿಕ್ ಕೊಡೋಕೆ ಹೋದಾಗ ಹೇಳಿದರು, “ಒಂಥರಾ ಆಗ್ತೈತೆ ಸಿಸ್ಟ್ರೇ.”

“ನೋವಾ?”

“ನೋವಲ್ಲ. ಒಂಥರಾ.”

ಬಿಪಿ ನೋಡಿದೆ, 118/76. ಜ್ವರ 99. ಚೆನ್ನಾಗಿದೆಯಲ್ಲ! “ಏನೂ ಆಗಲ್ಲ, ಮಲಗಿ. ನಿದ್ದೆ ಬಂದ್ರೆ ಸರಿಹೋಗುತ್ತೆ” ಅಂದೆ. ಚಾರ್ಟಿನಲ್ಲಿ ಉಸಿರಾಟದ ಕಾಲಮ್ಮಿನಲ್ಲಿ 20 ಅಂತ ಬರೆದೆ. ಎಣಿಸಿರಲಿಲ್ಲ. ಈಗ ಇದನ್ನು ಬರೆಯುವಾಗಲೂ ಕೈ ಹಿಂದೆ ಸರಿಯುತ್ತದೆ, ಆದರೂ ಬರೆಯುತ್ತೇನೆ: ಆ ರಾತ್ರಿ ನಲವತ್ತು ಬೆಡ್ಡಿನ ಉಸಿರಾಟವೂ 20 ಅಥವಾ 18 ಆಗಿತ್ತು. ಒಂದನ್ನೂ ಎಣಿಸಿರಲಿಲ್ಲ. ಬಿಪಿ ಮೆಷಿನ್ ಹೇಳುತ್ತದೆ, ಜ್ವರ ಥರ್ಮಾಮೀಟರ್ ಹೇಳುತ್ತದೆ, ಉಸಿರನ್ನು ಮಾತ್ರ ಪಕ್ಕದಲ್ಲಿ ನಿಂತು ಕಣ್ಣಿಟ್ಟು ಒಂದು ನಿಮಿಷ ಎಣಿಸಬೇಕು. ನಲವತ್ತು ಬೆಡ್ಡಿಗೆ ನಲವತ್ತು ನಿಮಿಷ ಎಲ್ಲಿಂದ ತರುವುದು ಅನ್ನುವುದು ನಾವು ನಮಗೇ ಹೇಳಿಕೊಳ್ಳುವ ಸಮಾಧಾನ.

ಎರಡು ಗಂಟೆಗೆ ಅವರ ಹೆಂಡತಿ ಬಂದರು. ನಾನು ಅಪಘಾತದ ಕೇಸೊಂದನ್ನು ಅಡ್ಮಿಟ್ ಮಾಡಿಕೊಳ್ಳುತ್ತಿದ್ದೆ, ಜೊತೆಗಿದ್ದ ಸಿಸ್ಟರ್ ರಕ್ತ ತರೋಕೆ ಬ್ಲಡ್ ಬ್ಯಾಂಕಿಗೆ ಹೋಗಿದ್ದರು. “ಇವ್ರು ಯಾಕೋ ಸರಿಯಿಲ್ಲ ಕಣಕ್ಕ” ಅಂದರು. “ಬರ್ತೀನಿ ಹೋಗಮ್ಮ” ಅಂದೆ. ತಲೆಯೆತ್ತದೆ ಅಂದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಐದು ಗಂಟೆಗೆ ನಾನು ಹೋದಾಗ ಅವರ ಕೈ ತಣ್ಣಗಿತ್ತು. ನಾಡಿ 136, ಬಿಪಿ 84. ಉಸಿರು ಅವತ್ತು ಮೊದಲ ಸಲ ಎಣಿಸಿದೆ, 36. ಹೊಲಿಗೆ ಹಾಕಿದ ಜಾಗ ಸೋರಿ ಹೊಟ್ಟೆಯೊಳಗೆ ಪಿತ್ತ ತುಂಬಿತ್ತು. ಬೆಳಗಾಗುವಷ್ಟರಲ್ಲಿ ಮತ್ತೆ ಆಪರೇಷನ್, ಅಲ್ಲಿಂದ ಐಸಿಯು, ವೆಂಟಿಲೇಟರ್. ಹತ್ತೊಂಬತ್ತು ದಿನ. ನಾನು ಪ್ರತಿ ಡ್ಯೂಟಿ ಮುಗಿದ ಮೇಲೆ ಐಸಿಯು ಗಾಜಿನ ಹೊರಗೆ ನಿಂತು ನೋಡಿ ಬರುತ್ತಿದ್ದೆ. ಅವರು ಉಳಿದರು. ಮರ ಹತ್ತುವ ಮೈ ಹೋಗಿ ಕೋಲಿಗೆ ಅಂಗಿ ತೊಡಿಸಿದ ಹಾಗಾಗಿದ್ದರು. ಬದುಕಿದರು ಅನ್ನುವುದೇ ದೊಡ್ಡದು ಅಂತ ಎಲ್ಲರೂ ಅಂದರು.

ವಾರ್ಡಿಗೆ ವಾಪಸ್ ಬಂದ ದಿನ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, ಬೈಯುವ ದನಿಯಲ್ಲಿ ಅಲ್ಲ, ಏನೋ ಮರೆತದ್ದನ್ನು ನೆನಪಿಸುವವರ ಹಾಗೆ ಹೇಳಿದರು: “ಅವತ್ತು ನಾನು ನಿಮ್ಗೆ ಹೇಳಿದ್ನಲ್ಲಕ್ಕ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅವತ್ತಿನಿಂದ ಉಸಿರು ಎಣಿಸುತ್ತೇನೆ. ಅದಕ್ಕೊಂದು ಉಪಾಯವಿದೆ, ನರ್ಸಿಂಗ್ ಸ್ಕೂಲಿನ ಮೊದಲ ವರ್ಷವೇ ಹೇಳಿಕೊಟ್ಟದ್ದು. ಉಸಿರು ಎಣಿಸುತ್ತಿದ್ದೀನಿ ಅಂತ ರೋಗಿಗೆ ಗೊತ್ತಾಗಬಾರದು. ಗೊತ್ತಾದರೆ ಉಸಿರಿನ ಲಯ ಬದಲಾಗುತ್ತದೆ. ಹಾಗಾಗಿ ನಾಡಿ ನೋಡುವವಳ ಹಾಗೆ ಮಣಿಕಟ್ಟು ಹಿಡಿದು, ಕೈಯನ್ನು ಅವರ ಎದೆಯ ಮೇಲೆ ಅಡ್ಡ ಇಟ್ಟು, ಗಡಿಯಾರ ನೋಡುತ್ತಾ ನಿಲ್ಲುವುದು. ಕೈ ಏರಿಳಿಯುವುದನ್ನು ಎಣಿಸುವುದು. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ. ಸೋಂಕು ರಕ್ತಕ್ಕೆ ಏರಿದರೆ ಎಷ್ಟೋ ಸಲ ಬಿಪಿ ಬೀಳುವುದಕ್ಕೆ ಮೊದಲೇ ಉಸಿರು ಜಾಸ್ತಿಯಾಗುತ್ತದೆ. ರೋಗಿಯ ಬಾಯಲ್ಲಿ ‘ಒಂಥರಾ’ ಆಗಿದ್ದದ್ದು ಚಾರ್ಟಿನಲ್ಲಿ 26 ಆಗುತ್ತದೆ.

ಈ ಅನುವಾದ ಯಾಕೆ ಬೇಕು ಅಂತ ರಾತ್ರಿ ಡ್ಯೂಟಿ ಮಾಡಿದವರಿಗೆ ಹೇಳಬೇಕಾಗಿಲ್ಲ. ಸ್ನಾತಕೋತ್ತರ ಓದುತ್ತಿರುವ ಪಿಜಿ ಡಾಕ್ಟರು ಮೂವತ್ತಾರು ಗಂಟೆಯಿಂದ ನಿದ್ದೆಗೆಟ್ಟು ಆಗಷ್ಟೇ ತಲೆ ಒರಗಿಸಿರುತ್ತಾರೆ. “ಸಾರ್, ಒಂಬತ್ತನೇ ಬೆಡ್ ಯಾಕೋ ಸರಿ ಕಾಣ್ತಿಲ್ಲ” ಅಂತ ಫೋನ್ ಮಾಡಿದರೆ, “ವೈಟಲ್ಸ್ ಎಷ್ಟು ಸಿಸ್ಟರ್?” “ಬಿಪಿ ನಾರ್ಮಲ್ ಸಾರ್.” “ಮತ್ತೇನು?” ಆ ‘ಮತ್ತೇನು’ಗೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಈಗ ಇರುತ್ತದೆ. “ಪಲ್ಸ್ 124, ರೆಸ್ಪಿರೇಷನ್ 30, ಎರಡು ಗಂಟೇಲಿ ಯೂರಿನ್ 40 ಎಂಎಲ್, ಹೊಟ್ಟೆಯ ಡ್ರೈನ್ ಕೊಳವೆಯಲ್ಲಿ ಬರೋದರ ಬಣ್ಣ ಬದಲಾಗಿದೆ” ಅಂದರೆ ಅದೇ ಹುಡುಗ ಚಪ್ಪಲಿ ಹುಡುಕದೆ ಓಡಿಬರುತ್ತಾನೆ. ಅವನ ತಪ್ಪಲ್ಲ. ಅವನಿಗೆ ಕಲಿಸಿರುವ ಭಾಷೆ ಅದು.

ಇಲ್ಲಿ ಒಂದು ಸಿಟ್ಟನ್ನೂ ಹೇಳಿಬಿಡುತ್ತೇನೆ. ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗೆ ಒಬ್ಬ ನರ್ಸ್ ಇರಬೇಕು ಅಂತ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಪರೀಕ್ಷೆಗೆ ಬಾಯಿಪಾಠ ಮಾಡಿ ಅಂಕ ತಗೊಂಡದ್ದು ನನಗೆ ನೆನಪಿದೆ. ರಾತ್ರಿ ನಾವು ನಲವತ್ತಕ್ಕೆ ಇಬ್ಬರು. ಒಬ್ಬರು ಥಿಯೇಟರಿಗೋ ಬ್ಲಡ್ ಬ್ಯಾಂಕಿಗೋ ಹೋದರೆ ಒಬ್ಬರೇ. ಆ ಒಬ್ಬರ ಮುಂದೆ ಅಡ್ಮಿಷನ್ ರಿಜಿಸ್ಟರು, ವಾರ್ಡಿನ ರೋಗಿಗಳ ಎಣಿಕೆಯ ಸೆನ್ಸಸ್, ಡಯಟ್ ಶೀಟು, ಸಾಮಾನು ಕೇಳಿ ಬರೆಯುವ ಇಂಡೆಂಟ್ ಪುಸ್ತಕ, ಬಯೋಮೆಡಿಕಲ್ ವೇಸ್ಟಿನ ತೂಕದ ಲೆಕ್ಕ, ಬಿಪಿಎಲ್ ಕಾರ್ಡಿನ ಯೋಜನೆಗೆ ಅಪ್‌ಲೋಡ್ ಮಾಡಬೇಕಾದ ಫೋಟೋಗಳು. ಗಾಯದ ಫೋಟೋ ತೆಗೆಯುವುದು ಒಂದು ದಿನ ತಪ್ಪಿದರೆ ಮೇಲಿಂದ ಫೋನು ಬರುತ್ತದೆ. ಗಾಯವಿದ್ದವರ ಜೊತೆ ಮಾತಾಡುವುದು ವಾರ ತಪ್ಪಿದರೂ ಯಾರೂ ಫೋನ್ ಮಾಡುವುದಿಲ್ಲ. ಕಾಗದ ಬೇಡ ಅನ್ನುವವಳಲ್ಲ ನಾನು; ಚಾರ್ಟು ಸರಿಯಿದ್ದದ್ದರಿಂದ ಜೀವ ಉಳಿದದ್ದನ್ನೂ ಕಂಡಿದ್ದೇನೆ. ಆದರೆ ಆ ರಾತ್ರಿ ನನ್ನ ಚಾರ್ಟು ತುಂಬಿತ್ತು. ಒಂದು ಕಾಲಮ್ಮೂ ಖಾಲಿಯಿರಲಿಲ್ಲ. ಯಾರು ತಪಾಸಣೆ ಮಾಡಿದ್ದರೂ ನನಗೆ ಪೂರ್ತಿ ಅಂಕ.

ಕೇಳಿಸಿಕೊಂಡ ಸಲವೂ ಇದೆ, ಅದನ್ನು ಹೇಳದಿದ್ದರೆ ನನಗೆ ನಾನೇ ಅನ್ಯಾಯ ಮಾಡಿಕೊಂಡಂತೆ. ಮೂಲವ್ಯಾಧಿಯಿಂದ ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ 5ಕ್ಕೆ ಇಳಿದಿದ್ದ ಹೆಂಗಸು. ಆಪರೇಷನ್ನಿಗೆ ಮೊದಲು ರಕ್ತ ಹಾಕಬೇಕಿತ್ತು. ಬ್ಯಾಗ್ ಬಂದ ಮೇಲೆ ಇಬ್ಬರು ನರ್ಸುಗಳು ಸೇರಿ ಹೆಸರು, ಐಪಿ ನಂಬರು, ಗುಂಪು, ಬ್ಯಾಗಿನ ನಂಬರು, ಅವಧಿ ಮುಗಿಯುವ ದಿನಾಂಕ ಗಟ್ಟಿಯಾಗಿ ಓದಿ ತಾಳೆ ನೋಡುತ್ತೇವೆ. ನಿಧಾನಕ್ಕೆ ಶುರು ಮಾಡಿ ಮೊದಲ 15 ನಿಮಿಷ ಬೆಡ್ಡು ಬಿಟ್ಟು ಕದಲಬಾರದು ಅನ್ನುವುದು ನಿಯಮ. ಈ ನಿಯಮವನ್ನು ನಾನು ಮುರಿಯುವುದಿಲ್ಲ. ಆ 15 ನಿಮಿಷ ನನಗೆ ವಾರ್ಡಿನಲ್ಲಿ ಸಿಗುವ ಏಕೈಕ ಅಧಿಕೃತ ಮಾತುಕತೆಯ ಸಮಯ ಕೂಡ. ಮೂಲವ್ಯಾಧಿ ಶುರುವಾಗಿ ಎಷ್ಟು ದಿನವಾಯಿತು ಅಂದರೆ ಆರು ವರ್ಷ ಅಂದರು. ಯಾಕೆ ತೋರಿಸಲಿಲ್ಲ ಅಂದರೆ, “ಗಂಡಸು ಡಾಕ್ಟ್ರು ಇರ್ತಾರೆ, ಹೆಂಗೆ ತೋರ್ಸೋದು?” ಅಂದರು. ಹಾಗೆ ಮಾತಾಡುತ್ತಾ ಇದ್ದವರು ಎಂಟನೇ ನಿಮಿಷಕ್ಕೆ ನಿಲ್ಲಿಸಿ, ಸೊಂಟದ ಹಿಂದೆ ಕೈ ಇಟ್ಟುಕೊಂಡು, “ಯಾಕೋ ಒಂಥರಾ ಕಣಮ್ಮ” ಅಂದರು.

ನಾನು ‘ಹೇಗೆ’ ಅಂತಲೂ ಕೇಳಲಿಲ್ಲ. ಮೊದಲು ರಕ್ತ ಇಳಿಯುವ ಕೊಳವೆಯ ಕ್ಲಾಂಪ್ ಮುಚ್ಚಿದೆ. ಆಮೇಲೆ ನಡುಕ ಶುರುವಾಯಿತು, ಮಂಚ ಗಡಗಡ ಅನ್ನುವಷ್ಟು. ಸೆಟ್ ಬದಲಿಸಿ ಸಲೈನ್ ಹಾಕಿ, ಡಾಕ್ಟರನ್ನು ಕರೆದು, ಬ್ಯಾಗು, ರಕ್ತದ ಸ್ಯಾಂಪಲ್ ಬ್ಲಡ್ ಬ್ಯಾಂಕಿಗೆ ವಾಪಸ್ ಕಳಿಸಿದೆವು. ಗುಂಪು ತಪ್ಪಿರಲಿಲ್ಲ, ಬರೀ ಜ್ವರದ ರಿಯಾಕ್ಷನ್ನು. ಸಂಜೆಗೆ ಸರಿಹೋದರು. ಸರಿಹೋದ ಮೇಲೆ ನನ್ನನ್ನು ಕರೆದು, “ರಕ್ತ ಕೊಟ್ಟವರು ಯಾರೋ ಚಳಿ ದೇಶದೋರು ಇರ್ಬೇಕು” ಅಂದರು.

ಮಾತೇ ಆಡಲಾಗದವರನ್ನು ಹೇಗೆ ಕೇಳುವುದು? ತಲೆಗೆ ಪೆಟ್ಟು ಬಿದ್ದು ಪ್ರಜ್ಞೆಯಿಲ್ಲದವರು ವಾರಗಟ್ಟಲೆ ನಮ್ಮ ವಾರ್ಡಿನಲ್ಲಿ ಇರುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು ಒರೆಸಬೇಕು, ಸೊಂಟ, ಹಿಮ್ಮಡಿ, ತಲೆಯ ಹಿಂಭಾಗ ಕೆಂಪಾಗಿದೆಯೇ ಅಂತ ಕೈಯಾಡಿಸಿ ನೋಡಬೇಕು. ಗಾಳಿ ತುಂಬುವ ಆಲ್ಫಾ ಬೆಡ್ ಹಾಕಿದರೆ ಮುಗಿಯಿತು ಅಂದುಕೊಂಡವರ ರೋಗಿಗಳಿಗೇ ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು, ಬೆಡ್‌ಸೋರ್ ಆಗುವುದು. ಈ ಕೆಲಸ ಮಾಡುವಾಗ ನನಗೆ ಅರುಣಾ ಶಾನಭಾಗರ ನೆನಪಾಗುತ್ತದೆ. ನಮ್ಮ ಹೊನ್ನಾವರ ತಾಲೂಕಿನ ಹಳದೀಪುರದವರು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯೊಳಗೆ ನಡೆದ ಹಲ್ಲೆಯಲ್ಲಿ ಮಿದುಳಿಗೆ ಪೆಟ್ಟಾಗಿ ಮತ್ತೆ ಮೊದಲಿನಂತಾಗಲಿಲ್ಲ. ನಾನು ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಓದುವಾಗ ಅವರಿನ್ನೂ ಅದೇ ಆಸ್ಪತ್ರೆಯ ಹಾಸಿಗೆಯ ಮೇಲಿದ್ದರು. ತೀರಿಕೊಂಡದ್ದು 2015ರ ಮೇ 18ಕ್ಕೆ. ದಯಾಮರಣದ ಚರ್ಚೆ ಬಂದಾಗೆಲ್ಲ ಅವರ ಪ್ರಕರಣದಲ್ಲಿ ಬಂದ 2011ರ ಸುಪ್ರೀಂ ಕೋರ್ಟ್ ತೀರ್ಪನ್ನು ಎಲ್ಲರೂ ಎತ್ತುತ್ತಾರೆ. ನನ್ನ ಕಣ್ಣು ನಿಲ್ಲುವುದು ಆ ತೀರ್ಪಿನಲ್ಲಿ ದಾಖಲಾಗಿರುವ ಇನ್ನೊಂದು ಸಂಗತಿಯ ಮೇಲೆ: 37 ವರ್ಷ ಹಾಸಿಗೆ ಹಿಡಿದಿದ್ದರೂ ಅವರಿಗೆ ಒಂದೇ ಒಂದು ಬೆಡ್‌ಸೋರ್ ಆಗಿರಲಿಲ್ಲ.

ನಾನು ಅದನ್ನು ಒಂದು ದಿನ ಲೆಕ್ಕ ಹಾಕಿದೆ. ಎರಡು ಗಂಟೆಗೊಮ್ಮೆ ಅಂದರೆ ದಿನಕ್ಕೆ ಹನ್ನೆರಡು ಸಲ. ವರ್ಷಕ್ಕೆ 4,380. ಅದನ್ನು 37ರಿಂದ ಗುಣಿಸಿದರೆ ಒಂದು ಲಕ್ಷ ಅರವತ್ತೆರಡು ಸಾವಿರ. ಅದರಲ್ಲಿ ದೀಪಾವಳಿಯ ರಾತ್ರಿಗಳಿವೆ, ಮುಂಬೈ ಮಳೆಯಲ್ಲಿ ರೈಲು ನಿಂತು ಮುಂದಿನ ಶಿಫ್ಟಿನವರು ಬಾರದ ದಿನಗಳಿವೆ. ಮೊದಲು ಜೊತೆಯಲ್ಲಿ ಕೆಲಸ ಮಾಡಿದವರು, ಆಮೇಲೆ ಅವರನ್ನು ರೋಗಿಯಾಗಿ ಮಾತ್ರ ಕಂಡವರು, ಕೊನೆಗೆ ಆ ಘಟನೆ ನಡೆದಾಗ ಹುಟ್ಟೇ ಇರದವರು. ರಾತ್ರಿ ಮೂರು ಗಂಟೆಗೆ ಬೆನ್ನು ನೋಯುತ್ತಿರುವಾಗ, ಈ ಒಂದು ಸಲ ಬಿಟ್ಟರೆ ಏನಾದೀತು ಅನ್ನಿಸುತ್ತದಲ್ಲ, ಆಗ ಆ ಸಂಖ್ಯೆ ನೆನಪಾಗಿ ಆಯಮ್ಮನನ್ನು ಎಬ್ಬಿಸುತ್ತೇನೆ. ಆಯಮ್ಮ ಬೈದುಕೊಂಡೇ ಬರುತ್ತಾರೆ. ಬಂದು, “ಏಳಪ್ಪ ರಾಜ, ಆ ಕಡೆ ತಿರುಕೋ” ಅಂತ ಪ್ರಜ್ಞೆಯಿಲ್ಲದವನಿಗೆ ಹೇಳಿಯೇ ಕೈ ಹಾಕುತ್ತಾರೆ.

ಮನೆಯಲ್ಲಿ ನನ್ನ ಕಿವಿಯ ಬಗ್ಗೆ ಯಾರಿಗೂ ಒಳ್ಳೆಯ ಅಭಿಪ್ರಾಯವಿಲ್ಲ. ಮಗ ಮೂರು ಸಲ “ಅಮ್ಮಾ” ಅಂದರೂ ಕೇಳುವುದಿಲ್ಲವಂತೆ. ಇರಬಹುದು. ನೈಟ್ ಮುಗಿಸಿ ಬಂದ ದಿನ ಕುಕ್ಕರ್ ಕೂಗಿದರೂ ಆಕ್ಸಿಜನ್ ಬಾಟಲಿಯ ಗುಳುಗುಳು ಶಬ್ದವೇ ತಲೆಯಲ್ಲಿ ಓಡುತ್ತಿರುತ್ತದೆ.

ಮೊನ್ನೆ ನೈಟ್ ಡ್ಯೂಟಿಯಲ್ಲಿ ಮೂರು ಗಂಟೆ ಹೊತ್ತಿಗೆ ಹೊಸ ಹುಡುಗಿ, ಸೇರಿ ಎರಡು ತಿಂಗಳಾಗಿದೆ, ಓಡುನಡಿಗೆಯಲ್ಲಿ ಬಂದಳು. “ಅಕ್ಕ, ಹದಿನಾಲ್ಕನೇ ಬೆಡ್ ಅಜ್ಜ ಒಂಥರಾ ಅಂತಿದ್ದಾರೆ.” ಪೆನ್ನು ಇಟ್ಟು ಎದ್ದೆ. ಪ್ರಾಸ್ಟೇಟ್ ಆಪರೇಷನ್ ಆಗಿ ಮೂರನೇ ದಿನ. ಮಣಿಕಟ್ಟು ಹಿಡಿದು ಎದೆಯ ಮೇಲಿಟ್ಟು ನಿಂತೆ. ನಾಡಿ 82. ಉಸಿರು ಪೂರ್ತಿ ನಿಮಿಷ ಎಣಿಸಿದೆ, 16. ಬಿಪಿ ಸರಿಯಿದೆ. ಮೂತ್ರ ತುಂಬುವ ಯೂರೋಬ್ಯಾಗ್ ನೋಡಿದೆ, ತಿಳಿ ಗುಲಾಬಿ, ಸರಾಗ ಇಳಿಯುತ್ತಿದೆ. ಹೊಟ್ಟೆ ಮುಟ್ಟಿದೆ, ಮೆತ್ತಗಿದೆ. ಕಾಲಿನ ಮೀನಖಂಡ ಒತ್ತಿದೆ, ನೋವಿಲ್ಲ. ಸ್ಟೂಲ್ ಎಳೆದುಕೊಂಡು ಕೂತೆ.

“ಒಂಥರಾ ಅಂದ್ರೆ ಹೆಂಗೆ ಅಜ್ಜ?”

ಅವರು ಸೀಲಿಂಗ್ ಫ್ಯಾನ್ ನೋಡುತ್ತಿದ್ದರು. “ಹಸು ತುಂಬಿದ ಗಬ್ಬ ಕಣವ್ವ. ಇವತ್ತೋ ನಾಳೆಯೋ ಅನ್ನಂಗೈತೆ. ಮಗ ಫೋನ್ ಎತ್ತಲ್ಲ. ಅವ್ನಿಗೆ ಏನ್ ಗೊತ್ತಾಗ್ತೈತೆ? ಹೋದ್ ಸಲ ಕರು ಅಡ್ಡ ತಿರುಗಿತ್ತು, ನಾನೇ ಕೈ ಹಾಕಿ ತಿರುಗ್ಸಿದ್ದೆ.”

ಹೊಸ ಹುಡುಗಿಗೆ ನಗು ತಡೆಯಲಾಗಲಿಲ್ಲ, ಆ ಕಡೆ ತಿರುಗಿ ನಿಂತಳು. ನಾನು ಹಸುವಿನ ಬಗ್ಗೆ ಕೇಳಿದೆ. ಎಷ್ಟನೇ ಸೂಲು, ಎಷ್ಟು ಹಾಲು, ಕೆಚ್ಚಲು ಇಳಿದಿದೆಯಾ. ಎಲ್ಲ ಹೇಳಿದರು. ಪಕ್ಕದ ಬೆಡ್ಡಿನವರೂ ಎದ್ದು ಕೂತು, ಮನೆ ಹತ್ತಿರ ಯಾರಾದರೂ ಹೆಂಗಸರಿಗೆ ಫೋನ್ ಹಚ್ಚಿ, ಗಂಡಸರು ಎತ್ತಲ್ಲ ಅಂದರು. ಅಜ್ಜನ ಫೋನಿನಿಂದ ಅವರ ತಂಗಿಗೆ ನಾನೇ ಡಯಲ್ ಮಾಡಿಕೊಟ್ಟೆ. ಆಕೆ ಒಂದೇ ರಿಂಗಿಗೆ ಎತ್ತಿದರು. ಕೊಟ್ಟಿಗೆಯಲ್ಲೇ ಇದ್ದರಂತೆ.

ವಾಪಸ್ ಟೇಬಲ್ಲಿಗೆ ಬಂದು ನೋಟ್ಸ್ ಬರೆಯೋಕೆ ಕೂತಾಗ ಹುಡುಗಿ ಕೇಳಿದಳು, “ಅಕ್ಕ, ಏನಂತ ಬರೀಲಿ? ಅನೀಸಿನೆಸ್ ಅಂತನಾ?”

“ಉಸಿರು 16 ಅಂತ ಬರಿ” ಅಂದೆ. “ಎಣಿಸಿದ್ದು ಅಂತಲೂ ಬರಿ.”

ಐದೂಕಾಲಿಗೆ ಟೆಂಪರೇಚರ್ ತಗೊಳ್ಳೋಕೆ ಶುರು ಮಾಡಿದಾಗ ಹದಿನಾಲ್ಕನೇ ಬೆಡ್ಡಿನಿಂದ ಅಜ್ಜ ಎರಡು ಬೆರಳೆತ್ತಿ ಕರೆದರು. ಹೆಣ್ಣುಗರು.